ಸದ್ದಿಲ್ಲದ ಗಾಡಿಯ ಕದರಪ್ಪಣ್ಣ

ನಾನು ಮದುವೆಯಾಗಿ ಮಧುಗಿರಿಗೆ ಬಂದ ಮೊದಲ ಆರು ತಿಂಗಳು, ಕದರಪ್ಪಣ್ಣನಿಗೆ ಮಾತು ಬರುವುದಿಲ್ಲ ಎಂದೇ ನಂಬಿದ್ದೆ. ನಮ್ಮ ಬೀದಿಗೆ ಪಾರ್ಸೆಲ್ ತರುವವರು ಅವರು. ಡೀಸೆಲ್ ಗಾಡಿ ನಿಲ್ಲಿಸಿ ಒಂದು ಸಲ ರೇಸ್ ಮಾಡಿದರೆ ಪಾರ್ಸೆಲ್ ನಮ್ಮ ಮನೆಗೆ, ಎರಡು ಸಲ ಮಾಡಿದರೆ ಎದುರು ಮನೆಯ ನರಸಮ್ಮಜ್ಜಿಗೆ, ಉದ್ದಕ್ಕೆ ಎಳೆದರೆ ಮೂಲೆಮನೆಯ ಟೀಚರಿಗೆ. ನಾವು ಹೋಗಿ ಓಟಿಪಿ ಹೇಳಿ, ಡಬ್ಬ ತೆಗೆದುಕೊಂಡು ಬರುತ್ತಿದ್ದೆವು. ಅವರ ಪರವಾಗಿ ಇಂಜಿನ್ನೇ ಎಲ್ಲ ಮಾತಾಡುತ್ತಿತ್ತು.

ಅವರು ಪಾವಗಡದ ಕಡೆಯವರು, ನಿಡುಗಲ್ ಬೆಟ್ಟದ ಕೆಳಗಿನ ಊರು. ಅಪ್ಪ ಎತ್ತಿನ ಗಾಡಿಯಲ್ಲಿ ಕಡಲೆಕಾಯಿ ಮೂಟೆ ಸಾಗಿಸುತ್ತಿದ್ದರಂತೆ. ಮಗ ಲಗೇಜ್ ಆಟೊ ಹಿಡಿದು ಮಧುಗಿರಿಗೆ ಬಂದರು. ಹೆಣ್ಣು ನೋಡಲು ಹೋದಾಗ "ಹುಡುಗಿ ಒಪ್ಪಿಗೆನೇನಪ್ಪ?" ಎಂದು ಕೇಳಿದರೆ, ಎದ್ದು ಹೊರಗೆ ಹೋಗಿ ಆಟೊ ಸ್ಟಾರ್ಟ್ ಮಾಡಿದರಂತೆ. ಹುಡುಗ ಸಿಟ್ಟಾಗಿ ಹೊರಟ ಎಂದು ಹೆಣ್ಣಿನವರು ಗಾಬರಿಯಾದರು. ಎರಡು ಸಲ ಜೋರಾಗಿ ರೇಸ್ ಮಾಡಿ, ಆಫ್ ಮಾಡಿ, ಒಳಗೆ ಬಂದು ಕೂತು ಉಪ್ಪಿಟ್ಟು ತಿಂದ ಮೇಲೆಯೇ ಅದು ಒಪ್ಪಿಗೆ ಎಂದು ಗೊತ್ತಾಗಿದ್ದು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಕದರಪ್ಪಣ್ಣ ಹೇಳುವ ಪೈಕಿಯಲ್ಲ.

ಈ ವರ್ಷ ಪಾರ್ಸೆಲ್ ಏಜೆನ್ಸಿಯ ರಂಗನಾಥ ಡೀಸೆಲ್ ಗಾಡಿ ಮಾರಿ, ಪ್ರಯೋಗಕ್ಕೆಂದು ತುಮಕೂರಿನಿಂದ ಕರೆಂಟಿನ ಗಾಡಿ ತರಿಸಿದರು. ಬೆಳ್ಳಗಿನ ಪುಟ್ಟ ಗಾಡಿ. ಹೊಗೆಯಿಲ್ಲ, ಸದ್ದೂ ಇಲ್ಲ. ನನಗಂತೂ ಹಬ್ಬವಾಯಿತು. ನಮ್ಮ ಪಾಪುವಿಗೆ ಎಂಟು ತಿಂಗಳು. ಅವನನ್ನು ಮಧ್ಯಾಹ್ನ ಮಲಗಿಸಲು ನನಗೆ ಒಂದೂವರೆ ಗಂಟೆ ಬೇಕು. ಎಬ್ಬಿಸಲು ಆ ಡೀಸೆಲ್ ಗಾಡಿಗೆ ಒಂದೂವರೆ ಸೆಕೆಂಡ್ ಸಾಕಿತ್ತು.

ಆದರೆ ಸೋಮವಾರ ಬರಬೇಕಿದ್ದ ಡೈಪರ್ ಬರಲಿಲ್ಲ. ಸಂಜೆ ಫೋನ್ ಮಾಡಿದೆ.

"ಕದರಪ್ಪಣ್ಣ, ಡೈಪರ್ ಬರಲೇ ಇಲ್ವಲ್ಲ?"

"ಬಂದಿದ್ದೆ ಕಣಮ್ಮ. ನೀವೇ ಬರ್ಲಿಲ್ಲ."

"ಎಷ್ಟೊತ್ತು ನಿಂತಿದ್ರಿ?"

"ಹತ್ನಿಮಿಷ. ನೀವು ಸೊಪ್ಪು ಬಿಡಿಸ್ತಿದ್ದದ್ದು ಕಿಟಕೀಲಿ ಕಾಣ್ತಿತ್ತು."

"ಕೂಗೋದಲ್ವಾ ಮತ್ತೆ?"

"ಹೆಂಗಮ್ಮ ಕೂಗೋದು," ಎಂದರು. "ಪಾರ್ಸೆಲ್ಲೆಲ್ಲ ಹೆಂಗಸ್ರ ಹೆಸ್ರಲ್ಲಿ ಬತ್ತವೆ. ಬೀದೀಲಿ ನಿಂತ್ಕಂಡು ಊರೋರ ಸೊಸೇರ ಹೆಸ್ರು ಹಿಡಿದು ಕೂಗಕಾಯ್ತದಾ?"

"ಹಾರನ್ ಆದ್ರೂ ಹೊಡೀರಿ."

"ಅದು ದನಕ್ಕೆ ಹೊಡಿಯೋದು ಕಣಮ್ಮ."

ಗೇಟು ಬಡಿಯುವುದೂ ಅವರ ಪ್ರಕಾರ ಬೈದ ಹಾಗೆ. ಫೋನ್ ಮಾಡೋಣವೆಂದರೆ, ಪಾರ್ಸೆಲ್ ಮೇಲಿನ ನಂಬರುಗಳು ಹೆಚ್ಚಿನವು ಕೆಲಸಕ್ಕೆ ಹೋದ ಗಂಡಂದಿರವು, ಅವರು ಓಟಿಪಿಯನ್ನು ಮನೆಗೆ ಕಳಿಸಿ ಸುಮ್ಮನಾಗುತ್ತಾರೆ. ನನ್ನದು ಪಾಪು ಮಲಗಿದಾಗ ಸೈಲೆಂಟಿನಲ್ಲಿರುತ್ತದೆ. ಕಾಲಿಂಗ್ ಬೆಲ್ ಇರುವುದು ಬೀದಿಯಲ್ಲಿ ಮೂರು ಮನೆಗೆ. ಎರಡು ಕೆಟ್ಟಿವೆ. ಮೂರನೆಯದು ನಮ್ಮದು, ಅದರ ವೈರನ್ನು ನಾನೇ ಕಿತ್ತಿದ್ದೇನೆ.

ಮಂಗಳವಾರ ಬಾಗಿಲಲ್ಲೇ ಕಾದು ಕೂತು ಡೈಪರ್ ಹಿಡಿದೆ. ಕದರಪ್ಪಣ್ಣನ ಮುಖ ಬಾಡಿತ್ತು. ಹಿಂದಿನ ದಿನ ಇಪ್ಪತ್ತಮೂರು ಪಾರ್ಸೆಲ್ ವಾಪಸ್ ಹೋಗಿದ್ದವಂತೆ.

"ಶನಿವಾರ ಐದಕ್ಕಿಂತ ಜಾಸ್ತಿ ವಾಪಸ್ ಬಂದ್ರೆ ಗಾಡೀನ ತುಮಕೂರಿಗೆ ಕಳಿಸ್ಬುಡ್ತೀನಿ ಅಂದ್ರು ರಂಗನಾಥ."

"ನೀವು ಏನ್ಮಾಡ್ತೀರ?"

"ಹಳೇದು ಮಾರ್ಬುಟ್ಟವ್ರಲ್ಲ. ನಾನೇನು ಓಡಿಸ್ಲಿ?" ಗಾಡಿಯನ್ನು ಒಮ್ಮೆ ನೋಡಿದರು. "ರಿವರ್ಸಿಗೆ ಹಾಕಿದ್ರೆ ಮಾತ್ರ ಕುಯ್ ಕುಯ್ ಅಂತದೆ. ಬೀದಿಯೆಲ್ಲ ಹಿಂದಕ್ಕೇ ಬರಾಕಾಯ್ತದಾ?"

ಬುಧವಾರ ಬೀದಿಯ ತುದಿಯಿಂದಲೇ ಝಲ್ ಝಲ್ ಎಂದು ಕೇಳಿತು. ಕದರಪ್ಪಣ್ಣ ಅಪ್ಪನ ಎತ್ತಿನ ಕೊರಳಿನ ಗಗ್ಗರದ ಸರವನ್ನು ಗಾಡಿಯ ಮೂತಿಗೆ ಕಟ್ಟಿಕೊಂಡು ಬಂದಿದ್ದರು. ಉಪಾಯ ಚೆನ್ನಾಗಿಯೇ ಇತ್ತು. ಮನೆಮನೆಯಿಂದ ಹೆಂಗಸರು ಹೊರಗೆ ಬಂದರು. ಎಲ್ಲರ ಕೈಯಲ್ಲೂ ಮೊರ, ಮೊರದಲ್ಲಿ ರಾಗಿ.

ಆ ಸದ್ದು ಮಾಡಿಕೊಂಡು ನಮ್ಮ ಬೀದಿಗೆ ಬರುವುದು ಕೋಲೆ ಬಸವ ಒಂದೇ. ನರಸಮ್ಮಜ್ಜಿಗೆ ಕನ್ನಡಕವಿಲ್ಲದಿದ್ದರೆ ಬೆಳ್ಳಗಿರುವುದೆಲ್ಲ ಒಂದೇ ಥರ. ನೇರ ಗಾಡಿಯ ಮುಂದೆ ನಿಂತು ಕೈಮುಗಿದು, "ಬಸವಣ್ಣ, ನಮ್ಮ ನವೀನಂಗೆ ಸಿರಾದಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಯ್ತದೇನಪ್ಪ?" ಎಂದು ಕೇಳಿದರು.

ಕದರಪ್ಪಣ್ಣ ಗಾಬರಿಯಲ್ಲಿ ಏನನ್ನೋ ಒತ್ತಿದರು. ಹೊಸ ಗಾಡಿ, ಸ್ವಿಚ್ಚುಗಳ ಪರಿಚಯ ಸಾಲದು. ವೈಪರ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿತು.

"ಅಡ್ಡಡ್ಡ ತಲೆ ಆಡಿಸ್ಬುಡ್ತಲ್ಲಪ್ಪ," ಎಂದು ಅಜ್ಜಿ ಪೆಚ್ಚಾದರು.

"ಬಸವ ಅಲ್ಲ ಅಜ್ಜಿ, ಕದರಪ್ಪಣ್ಣನ ಚಾರ್ಜ್ ಗಾಡಿ," ಎಂದೆ ನಾನು.

"ಆಗ್ಲಿ ಬುಡು. ತಂದಿದ್ದು ತಂದಾಯ್ತು. ತಗಳ್ಲಾ."

ಕೊಡಲೆಂದು ಮೊರದಲ್ಲಿ ಹೊಸಿಲು ದಾಟಿಸಿದ ಕಾಳನ್ನು ಇಲ್ಲಿ ಯಾರೂ ವಾಪಸ್ ಒಳಗೆ ಒಯ್ಯುವುದಿಲ್ಲ. ಅವರು "ನಂಗ್ಯಾಕಮ್ಮ, ನಂಗ್ಯಾಕಮ್ಮ" ಎನ್ನುತ್ತಿದ್ದಂತೆಯೇ ಅರ್ಧ ಚೀಲ ರಾಗಿಯಾಯಿತು. ಹೊರಗೆ ಬಂದವರೆಲ್ಲ ಪಾರ್ಸೆಲ್ಲನ್ನೂ ತೆಗೆದುಕೊಂಡರು. ಅವತ್ತು ಒಂದೂ ವಾಪಸ್ ಹೋಗಲಿಲ್ಲ.

ಗುರುವಾರ ನಿಜವಾದ ಬಸವ ಬಂತು. ಬಣ್ಣದ ಜೂಲು ಹೊದಿಸಿಕೊಂಡ ಎತ್ತು, ಜೊತೆಗೆ ಅದನ್ನಾಡಿಸುವ ರಂಗಸ್ವಾಮಿ. ಒಬ್ಬರೂ ಮೊರ ಹಿಡಿದು ಬರಲಿಲ್ಲ. "ನಿನ್ನೆ ತಾನೆ ಕೊಟ್ವಲ್ಲಪ್ಪ," ಎಂದರು ನರಸಮ್ಮಜ್ಜಿ. ರಂಗಸ್ವಾಮಿ ಎತ್ತಿನ ಮುಖ ನೋಡಿದ. ಎತ್ತು ಅಡ್ಡಡ್ಡ ತಲೆ ಆಡಿಸಿತು.

ಅಷ್ಟರಲ್ಲಿ ಝಲ್ ಝಲ್ ಎನ್ನುತ್ತ ಕದರಪ್ಪಣ್ಣನ ಗಾಡಿ ತಿರುವಿನಲ್ಲಿ ಕಾಣಿಸಿತು. ಎತ್ತು ಹೋಗಿ ಗಾಡಿಯ ಗಗ್ಗರವನ್ನು ಮೂಸಿತು. ಏನು ನಡೆದಿದೆಯೆಂದು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕೆಳಗಿಳಿದು, ಸರ ಬಿಚ್ಚಿ ಸೀಟಿನ ಕೆಳಗೆ ಹಾಕಿದರು. ಮನೆಗೆ ಒಯ್ಯಲು ಮನಸ್ಸಾಗದೆ ಗಾಡಿಯಲ್ಲೇ ಇಟ್ಟಿದ್ದ ರಾಗಿ ಚೀಲವನ್ನು ರಂಗಸ್ವಾಮಿಗೆ ಎತ್ತಿಕೊಟ್ಟರು.

"ತಗಳಣ್ಣ. ನಿಂದು ನನ್ನ ತಾವ ಬಂದ್ಬುಟ್ಟಿತ್ತು."

ಸರ ಬಿಚ್ಚಿದ ದಿನವೇ ಹದಿನೇಳು ಪಾರ್ಸೆಲ್ ವಾಪಸ್ಸಾದವು. ನನಗೆ ತಡೆಯಲಾಗಲಿಲ್ಲ. ಡೈರಿಯ ಒಂದು ಹಾಳೆ ಹರಿದು, ಶುಕ್ರವಾರ ಅವರು ಬರುವಷ್ಟರಲ್ಲಿ ಬೀದಿಯ ಮನೆಗಳನ್ನೆಲ್ಲ ಬರೆದಿಟ್ಟೆ.

"ಸೊಸೇರ ಹೆಸರು ಬೇಡ ಕದರಪ್ಪಣ್ಣ. ಮಕ್ಕಳ ಹೆಸರು ಹಿಡಿದು ಕೂಗಿ. ನಾನು ಪಾಪು ಅಮ್ಮ. ಅಜ್ಜಿ ನವೀನನ ಅಮ್ಮ. ಬೇರೆ ಬೀದಿದೂ ಹಿಂಗೇ ಕೇಳಿ ಬರ್ಕೊಳ್ಳಿ."

ಅವರು ಹಾಳೆಯ ಮೇಲೆ ಬೆರಳಾಡಿಸಿದರು. "ಟೀಚರಮ್ಮಂಗೆ ಮಕ್ಕಳಿಲ್ವಲ್ಲ?"

"ನಾಯಿ ಇದೆಯಲ್ಲ. ರಾಕಿ ಅಮ್ಮ ಅಂತ ಬರೆದಿದ್ದೀನಿ. ಎಲ್ಲಿ, ಒಂದ್ಸಲ ಕೂಗಿ ನೋಡೋಣ."

ಬಾಯಿ ತೆರೆದರು. ಪಂಕ್ಚರಾದ ಟ್ಯೂಬಿನಿಂದ ಗಾಳಿ ಹೋದಂತೆ ಏನೋ ಬಂತು. "ನಾಳೆ ನೋಡಾನ," ಎಂದು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

ಶನಿವಾರ ಮಧ್ಯಾಹ್ನ ಪಾಪು ಆಗಷ್ಟೇ ಮಲಗಿದ್ದ. ಕಿಟಕಿಯಿಂದ ನೋಡಿದರೆ ಬೆಳ್ಳನೆಯ ಗಾಡಿ ನಿಂತಿದೆ. ಕದರಪ್ಪಣ್ಣ ನನ್ನ ಡಬ್ಬ ಹಿಡಿದು, ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದಾರೆ. ನಾನೇ ಹೋಗಿ ತೆಗೆದುಕೊಳ್ಳಬಹುದಿತ್ತು. ಹೋದರೆ ನಮ್ಮ ಮನೆಯದು ಮುಗಿಯುತ್ತದೆ, ಮುಂದಿನ ಮನೆಗಳ ಗತಿ? ಕಿಟಕಿಯ ಕಂಬಿ ಹಿಡಿದುಕೊಂಡು ನಿಂತೆ. ಒಂದು ನಿಮಿಷ ಹೋಯಿತು. ಎರಡಾಯಿತು.

"ಪಾಪು ಅಮ್ಮೋ."

ಅಷ್ಟು ವರ್ಷ ಬಳಸದೆ ಇಟ್ಟ ಗಂಟಲು ಹಾಗಿರುತ್ತದೆಂದು ಯಾರಿಗೆ ಗೊತ್ತಿತ್ತು. ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ರಾಕಿ ಬೊಗಳಿತು. ನಮ್ಮ ಪಾಪು ಬೆಚ್ಚಿ ಎದ್ದು ಕಿರುಚತೊಡಗಿದ.

ಅವನನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಓಟಿಪಿ ಹೇಳಿದೆ. ಅವರ ಮುಖ ಸಣ್ಣದಾಗಿತ್ತು. "ಮಗು ಎದ್ಬುಡ್ತಾ?"

"ಎದ್ದಿದ್ದು ಎದ್ದ. ನೀವು ನಡೀರಿ, ಗಂಟಲು ಆರೋದ್ರೊಳಗೆ ಮುಂದಿನ ಮನೆಗೆ ಕೂಗಿ."

ಅವತ್ತು ವಾಪಸ್ ಹೋದದ್ದು ಮೂರೇ. ಒಂದು ಬೀಗ ಹಾಕಿದ ಮನೆಯದು, ಇನ್ನೆರಡು ಊರಿಗೆ ಹೋದವರವು. ರಂಗನಾಥ ತುಮಕೂರಿಗೆ ಫೋನ್ ಮಾಡಿ, ಗಾಡಿ ಇಲ್ಲೇ ಇರಲಿ ಎಂದರಂತೆ.

ಈಗ ಕದರಪ್ಪಣ್ಣನ ದನಿ ಬೀದಿ ತಿರುಗುವ ಮೊದಲೇ ಕೇಳುತ್ತದೆ. ಪಾಪುವಿನ ಮಧ್ಯಾಹ್ನದ ನಿದ್ದೆಯನ್ನು ನಾನು ಬೆಳಗ್ಗೆ ಹನ್ನೊಂದಕ್ಕೇ ತಂದಿದ್ದೇನೆ. ನಿನ್ನೆ ಅವರು "ನವೀನನಮ್ಮೋ" ಎಂದದ್ದಕ್ಕೆ ನರಸಮ್ಮಜ್ಜಿ ಕೈತೊಳೆದು ಓಡಿಬಂದರು.

"ಏನ್ ಬಂದದ್ಲಾ ನಂಗೆ?"

"ಏನೂ ಇಲ್ಲ ಕಣಕ್ಕ."

"ಮತ್ಯಾಕ್ಲಾ ಕೂಗ್ದೆ?"

"ಊಟ ಆಯ್ತೇನೋ, ಕೇಳಾನ ಅಂತ."