ಬಾಣಂತಿ ಪಾಲಿನ ಹುಂಜ

ನಾನು ಬಸುರಿ ಅನ್ನೋದು ಮೊದಲು ಗೊತ್ತಾದದ್ದು ನನ್ನ ಗಂಡನಿಗೆ, ಆಮೇಲೆ ನಮ್ಮವ್ವನಿಗೆ, ಅವ್ವನ ಬಾಯಿಂದ ನೇರವಾಗಿ ತವರುಮನೆ ಹಿತ್ತಲಲ್ಲಿದ್ದ ಕಾವು ಕೋಳಿಗೆ. ಮಗಳು ಇಂಥ ಸುದ್ದಿ ಹೇಳಿದರೆ ಬೇರೆ ತಾಯಂದಿರು ಅಳುತ್ತಾರೆ, ಇಲ್ಲ ದೇವರಿಗೆ ಕೈಮುಗಿಯುತ್ತಾರೆ. ನಮ್ಮವ್ವ, "ಅಂಗಾರೆ ಫೋನ್ ಮಡಗು, ಕೋಳೀನ ಮೊಟ್ಟೆ ಮ್ಯಾಲೆ ಕೂರಿಸ್ಬೇಕು" ಅಂದಳು. ಮಳವಳ್ಳಿ ಹತ್ತಿರದ ಗಂಡನ ಮನೆಯಲ್ಲಿ ನಾನು ಫೋನು ಹಿಡಿದುಕೊಂಡು ಹಾಗೇ ನಿಂತಿದ್ದೆ. ನನಗಿಂತ ಕೋಳಿ ಹೆಚ್ಚಾಯಿತಲ್ಲ ಅಂತ ಸಿಟ್ಟು ಬಂತು.

ಅವ್ವನ ಲೆಕ್ಕ ಬೇರೆ ಇತ್ತು. ನಮ್ಮ ಕಡೆ ಬಾಣಂತನಕ್ಕೆ ಬಂದ ಮಗಳಿಗೆ ನಾಟಿಕೋಳಿ ಸಾರು ಹಾಕಬೇಕು, ಅದೂ ಕೊಂಡು ತಂದದ್ದಲ್ಲ, ತಾಯಿ ಕೈಯಲ್ಲಿ ಸಾಕಿದ್ದು. ಸುದ್ದಿ ತಿಳಿದ ಕೂಡಲೇ ಕಾವಿಗೆ ಕೂರಿಸಿದರೆ, ಮಗು ಹುಟ್ಟೋ ಹೊತ್ತಿಗೆ ಕೋಳಿ ಸಾರಿಗೆ ಬರುತ್ತೆ. ನನ್ನ ಹೊಟ್ಟೆಯಲ್ಲಿ ಒಂದು ಬೆಳೆಯಬೇಕು, ಅವಳ ಹಿತ್ತಲಲ್ಲಿ ಇನ್ನೊಂದು. ಅವ್ವನಿಗೆ ಅವಳ ಬಾಣಂತನದಲ್ಲಿ ಸರಿಯಾಗಿ ಕೋಳಿ ಹಾಕಿರಲಿಲ್ಲವಂತೆ. ಅವಳ ಸೊಂಟನೋವಿಗೆ ಡಾಕ್ಟರು ವಯಸ್ಸು ಕಾರಣ ಅಂದರೆ ಅವಳು ಕೋಳಿ ಕಾರಣ ಅನ್ನುತ್ತಾಳೆ. ಮಗಳ ಸೊಂಟ ಹಾಗಾಗಬಾರದು ಅನ್ನೋದು ಅವಳ ಹಠ.

ಮರಿಗಳೇನೋ ಚೆನ್ನಾಗೇ ಎದ್ದವು. ಅಪ್ಪನಿಗೆ ಗೆದ್ದಲು ಹಿಡಿಯೋ ಕೆಲಸ ಬಿತ್ತು. ಒಡಕು ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ಕಬ್ಬಿನ ಗದ್ದೆ ಬದುವಿನ ಮೇಲೆ ಬೋರಲು ಹಾಕಿ ಬಂದರೆ ಬೆಳಗ್ಗೆ ಹೊತ್ತಿಗೆ ಗೆದ್ದಲು ಮುತ್ತಿರುತ್ತವೆ. ಅದನ್ನು ತಂದು ಹಿತ್ತಲಲ್ಲಿ ಕೊಡವಿದರೆ ಮರಿಗಳಿಗೆ ಹಬ್ಬ. ಹದ್ದು ಕಾಯೋ ಕೆಲಸವೂ ಅಪ್ಪನದೇ. ಅವನು ಹೆಗಲ ಮೇಲಿನ ಟವಲು ಬೀಸಿ ಹದ್ದು ಓಡಿಸಬೇಕಿತ್ತು. ಅದನ್ನೇ ಮುಖದ ಮೇಲೆ ಹಾಕಿಕೊಂಡು ಹಗ್ಗದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ. ಹದ್ದಿಗೆ ಇವನಿಗಿಂತ ಒಳ್ಳೆ ಕಾವಲುಗಾರ ಎಲ್ಲಿ ಸಿಗಬೇಕು?

ಫೋನಲ್ಲಿ ಅವ್ವ ನನ್ನ ಆರೋಗ್ಯ ಕೇಳೋದಕ್ಕಿಂತ ಮುಂಚೆ ಸಾವಿನ ಸುದ್ದಿ ಹೇಳುತ್ತಿದ್ದಳು. "ಕರಿ ಮರೀನ ಅದ್ದು ಎತ್ಕೊಂಡೋಯ್ತು ಕಣವ್ವ, ನಿಮ್ಮಪ್ಪ ಮನಗಿದ್ದ." ಆಮೇಲೆ ಮುಂಗುಸಿ ಬಂತು. ಅದು ಹೋದ ಮೇಲೆ ರೋಗ ಬಂತು. ಕತ್ತು ವಾಲಿಸಿಕೊಂಡು ಒಂದೊಂದೇ ಬಿದ್ದವು. ಪಶು ಆಸ್ಪತ್ರೆಯವರು ಮೊದಲೇ ಲಸಿಕೆ ಹಾಕಿಸಬೇಕಿತ್ತು ಅಂದರೆ, ಅವ್ವ ಇದು ಎದುರುಮನೆಯವಳ ಕಣ್ಣು ಅಂದಳು. ಮಂಡ್ಯದ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ, ಮಗ ಹುಟ್ಟಿ, ಭಾರತೀನಗರದ ಪಕ್ಕದ ನಮ್ಮ ಹಳ್ಳಿಗೆ ನಾನು ಬಂದು ಮಲಗುವ ಹೊತ್ತಿಗೆ ಉಳಿದಿದ್ದದ್ದು ಒಂದೇ ಒಂದು ಎಳೆ ಹುಂಜ.

ಡಾಕ್ಟರು ಏನು ಬೇಕಾದರೂ ತಿನ್ನಬಹುದು ಅಂದಿದ್ದರು. ಅವ್ವನೇ ತಡೆದಳು. "ಇನ್ನೊಂದ್ವಾರ ಮೇಯ್ಲಿ, ತೊಡೆ ತುಂಬ್ಕತದೆ" ಅಂತ. ಹಾಗಾಗಿ ಹುಂಜಕ್ಕೆ ನೆನೆಸಿದ ನುಚ್ಚು, ಕಡ್ಲೆಕಾಯಿ ಹಿಂಡಿ, ಮುದ್ದೆ ಚೂರು. ನನಗೆ ಮೆಣಸು ಸಾರು, ಮೆತ್ತನೆ ಅನ್ನ. ಮನೆಯಲ್ಲಿ ನಿಜವಾದ ಬಾಣಂತನ ನಡೆಯುತ್ತಿದ್ದದ್ದು ಹುಂಜಕ್ಕೆ. ಕೋಣೆಯ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ನನ್ನ ಬಾಯಲ್ಲಿ ನೀರೂರುತ್ತಿತ್ತು. ಅದು ಆಗಷ್ಟೇ ಕೂಗು ಕಲಿಯುತ್ತಿತ್ತು. ಮೀಸೆ ಬರುವ ವಯಸ್ಸಿನ ಹುಡುಗರ ಗಂಟಲಿನ ಹಾಗೆ ಅರ್ಧಕ್ಕೇ ಒಡೆದು ಹೋಗುತ್ತಿತ್ತು ಅದರ ಕೂಗು.

ಒಂದು ಬುಧವಾರ ಬೆಳಗ್ಗೆ ನಮ್ಮತ್ತೆ ಫೋನ್ ಮಾಡಿದರು. ಬಸ್ಸು ಹತ್ತಿ ಕೂತಾಗಿತ್ತು. ಮೊಮ್ಮಗನನ್ನು ನೋಡಬೇಕಂತೆ. ಸೋಮವಾರವೋ ಶನಿವಾರವೋ ಆಗಿದ್ದರೆ ಪಾಯಸ ಮಾಡಿ ಕಳಿಸಬಹುದಿತ್ತು. ಬುಧವಾರಕ್ಕೆ ನೆಪ ಇಲ್ಲ. ಬೀಗಿತ್ತಿ ಮೊದಲ ಸಲ ಮೊಮ್ಮಗನನ್ನು ನೋಡೋಕೆ ಬಂದಾಗ ಕೋಳಿ ಕುಯ್ಯದಿದ್ದರೆ ಅವ್ವ ಊರಲ್ಲಿ ತಲೆಯೆತ್ತೋ ಹಾಗಿಲ್ಲ. ಕುಯ್ದರೆ ತೊಡೆ ಬೀಗಿತ್ತಿಗೆ, ಎದೆ ಅಪ್ಪನಿಗೆ, ಬಾಣಂತಿಗೆ ಕತ್ತು, ರೆಕ್ಕೆ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಹುಂಜ ನೋಡಿದಳು, ನನ್ನ ನೋಡಿದಳು, ಮತ್ತೆ ಹುಂಜ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು "ಕುಯ್ದಾಕು ಬುಡವ್ವ, ನಂಗೇನೂ ಬ್ಯಾಡ" ಅಂದದ್ದಕ್ಕೆ, "ನೀನು ಬಾಯ್ಮುಚ್ಕಂಡು ಮನಿಕೊ" ಅಂದಳು.

ಆಮೇಲೆ ಅಪ್ಪನನ್ನು ಎಬ್ಬಿಸಿದಳು. "ಏಳಿ ಮ್ಯಾಕೆ. ಅಂಗ್ಡಿಗೋಗಿ ಒಂದು ಬಾಯ್ಲರ್ ಕೋಳಿ ತನ್ನಿ. ಚರ್ಮ ತೆಗಿಸ್ಬ್ಯಾಡಿ, ಪುಕ್ಕ ಮಾತ್ರ ಕೀಳಿಸಿ."

ಬಾಯ್ಲರ್ ಕೋಳಿಯನ್ನು ಚರ್ಮ ಸುಲಿದು ಕೊಡುತ್ತಾರೆ. ನಾಟಿಕೋಳಿಯ ಪುಕ್ಕ ಕಿತ್ತು, ಅರಿಶಿನ ಬಳಿದು, ಹುಲ್ಲಿನ ಉರಿಯಲ್ಲಿ ಸುಡುತ್ತಾರೆ. ಅವ್ವನ ಪ್ಲಾನು ಅದೇ: ಬಾಯ್ಲರನ್ನೇ ಸುಟ್ಟು ನಾಟಿ ಮಾಡೋದು. ಭಾರತೀನಗರದ ಕೋಳಿ ಅಂಗಡಿಯ ಸಾಬರು ಅಪ್ಪನ ಮಾತು ಕೇಳಿ, "ಚರ್ಮ ಇರ್ಲಿ ಅಂತೀರಲ್ಲ ಗೌಡ್ರೇ, ಬೀಗ್ರು ಬಂದವ್ರಾ?" ಅಂದರಂತೆ. ಅಂದರೆ ಇದು ನಮ್ಮವ್ವನೊಬ್ಬಳ ಬುದ್ಧಿಯಲ್ಲ; ಆ ಅಂಗಡಿಗೆ ಹೋಗೋ ಎಷ್ಟೋ ಗೌರವಸ್ಥರು ಇದನ್ನೇ ಮಾಡಿಕೊಂಡು ಬಂದಿದ್ದಾರೆ.

ನಮ್ಮತ್ತೆ ಆಟೋ ಇಳಿಯುವುದಕ್ಕೂ ಅವ್ವ ಅಂಗಳದಲ್ಲಿ ಹುಲ್ಲಿಗೆ ಕಡ್ಡಿ ಗೀರುವುದಕ್ಕೂ ಸರಿಹೋಯಿತು. ಹೊಗೆ ರಸ್ತೆವರೆಗೂ ಹೋಯಿತು. ಬಚ್ಚಲ ಪಕ್ಕ ಹುಂಜದ ಕೆಂಪು ಪುಕ್ಕ ನಾಲ್ಕು ಉದುರಿಸಿದ್ದಳು, ಕಾಣುವ ಹಾಗೆ. ಜೀವಂತ ಹುಂಜ ನನ್ನ ಕೋಣೆಯ ಮೇಲಿನ ಅಟ್ಟದಲ್ಲಿ, ಬೋರಲು ಹಾಕಿದ ಬಿದಿರಿನ ಮಂಕರಿಯ ಕೆಳಗಿತ್ತು. ಕತ್ತಲಲ್ಲಿ ಕೋಳಿ ತುಟಿಪಿಟಿಕ್ ಅನ್ನುವುದಿಲ್ಲ ಅನ್ನೋದು ಅವ್ವನ ಧೈರ್ಯ. ಕೋಳಿಗೆ ತುಟಿ ಇಲ್ಲ, ಅದು ಬೇರೆ ಮಾತು.

ನಮ್ಮತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರೂ ಕೋಳಿ ಸಾಕಿಯೇ ಮಕ್ಕಳನ್ನು ಓದಿಸಿದವರು. ಕಾಲು ನೋಡಿ ಕೋಳಿಯ ವಯಸ್ಸು ಹೇಳುತ್ತಾರೆ, ಮೂಳೆ ಕಡಿದು ಅದರ ಜಾತಕ ಹೇಳುತ್ತಾರೆ. ಬಾಯಿಗೆ ಬಾಗಿಲಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ "ಉಡ್ಗಿ ಕೈ ಸಣ್ಣ, ಮುದ್ದೆ ತಿರುವ್ತಾಳಾ?" ಅಂತ ಎಲ್ಲರೆದುರೇ ಕೇಳಿದ್ದರು. ಇಂಥವರಿಗೆ ಬಾಯ್ಲರ್ ಬಡಿಸಿ ದಕ್ಕಿಸಿಕೊಳ್ಳೋಕೆ ಹೊರಟಿದ್ದಳು ನಮ್ಮವ್ವ. ಒಳಗೆ ಮಲಗಿದ್ದ ನನಗೆ ಹೊಲಿಗೆ ಬಿಚ್ಚಿ ಹೋಗುವಷ್ಟು ನಗು, ಅಷ್ಟೇ ಭಯ.

ಅತ್ತೆ ಮಗುವನ್ನು ಎತ್ತಿ ಆಡಿಸಿದರು. ಮೂಗು ಅವರ ಮಗನದ್ದು, ಕಿವಿ ಅವರ ಅಪ್ಪನದ್ದು ಅಂತ ಹಂಚಿದರು. ನನ್ನ ಪಾಲಿಗೆ ಏನೂ ಉಳಿಯಲಿಲ್ಲ. ಆಮೇಲೆ ನಡುಮನೆಯಲ್ಲಿ ಊಟಕ್ಕೆ ಕೂತರು. ಕೋಣೆಯ ಬಾಗಿಲು ತೆರೆದಿತ್ತು, ನನಗೆಲ್ಲ ಕಾಣುತ್ತಿತ್ತು. ಬೆಳ್ಳುಳ್ಳಿ, ಮೆಣಸು, ಚಕ್ಕೆ ಎಲ್ಲ ಸುರಿದು ಅವ್ವ ಸಾರಿಗೆ ನಾಟಿಯ ಘಮ ತಂದಿದ್ದಳು. ಅತ್ತೆ ಮುದ್ದೆ ಮುರಿದರು, ತುಂಡು ಬಾಯಿಗಿಟ್ಟರು, ಅಗಿದರು. ಅಗಿಯುವ ಕೆಲಸವೇ ಇರಲಿಲ್ಲ, ಅದು ತಾನಾಗೇ ಒಳಗೆ ಹೋಯಿತು. ಅವರು ಅವ್ವನ ಮುಖ ನೋಡಿದರು.

"ಎಳೇ ಉಂಜ ಅತ್ಗೆ, ಅದ್ಕೇ ಮೆತ್ಗೈತೆ" ಅಂದಳು ಅವ್ವ.

ಅವ್ವ ಎಲ್ಲ ಯೋಚಿಸಿದ್ದಳು, ಅಟ್ಟದ ಮೇಲಿನ ಗಾಜಿನ ಹೆಂಚೊಂದನ್ನು ಬಿಟ್ಟು. ನೆತ್ತಿಗೇರಿದ ಬಿಸಿಲು ಅದರಿಂದ ಇಳಿದು ಮಂಕರಿಯ ಮೇಲೆ ಬಿದ್ದಿರಬೇಕು. ಹುಂಜಕ್ಕೆ ಬೆಳಗಾಯಿತು. ನಾನು ಆತುರಕ್ಕೆ ಮಗುವನ್ನು ಚಿವುಟಿ ಅಳಿಸೋಣ ಅಂದುಕೊಳ್ಳುವಷ್ಟರಲ್ಲಿ ತಲೆಯ ಮೇಲಿಂದ ಆ ಒಡಕು ಗಂಟಲು ಇಡೀ ಮನೆಗೆ ಕೇಳುವಂತೆ ಕೂಗಿತು. ಒಂದು ಸಲ ಕೂಗಿ ಸಮಾಧಾನವಾಗದೆ ಇನ್ನೊಂದು ಸಲ.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವ ಸೌಟು ಹಿಡಿದು ನಿಂತೇ ಇದ್ದಳು. "ಪಕ್ಕದ್ಮನೇದು" ಅಂದಳು.

"ನಿಮ್ ಪಕ್ಕದ್ಮನೆಯೋರು ಅಟ್ಟದ್ ಮ್ಯಾಲವ್ರೇನಮ್ಮ?" ಅಂದರು ಅತ್ತೆ.

ಅವ್ವ ಕುಸಿದು ಕೂತಳು. ಮುಚ್ಚಿಡೋಕೆ ಇನ್ನೇನೂ ಉಳಿದಿರಲಿಲ್ಲ. ಹದ್ದು, ಮುಂಗುಸಿ, ರೋಗ, ಮಲಗಿದ ಗಂಡ, ಎಲ್ಲ ಅಳುತ್ತಲೇ ಹೇಳಿದಳು. "ಮಗಳಿಗೆ ಅಂತ ಉಳ್ಕಂಡಿರೋದು ಅದೊಂದೇ ಅತ್ಗೆ. ನಿಮ್ಗಿಕ್ಬಾರ್ದು ಅಂತಲ್ಲ. ಎಲ್ರಿಗೂ ಅಂಚ್ಬುಟ್ರೆ ಇವ್ಳಿಗೇನ್ ಸಿಕ್ಕಾದು?"

ಅತ್ತೆ ತಟ್ಟೆಯಲ್ಲಿದ್ದ ಬಾಯ್ಲರನ್ನು ಪೂರ್ತಿ ಮುಗಿಸಿದರು, ಸಾರು ಇನ್ನೊಂದು ಸಲ ಹಾಕಿಸಿಕೊಂಡರು. ಕೈ ತೊಳೆದು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಳ್ಸಿ ಅದ್ನ" ಅಂದರು. ಅಪ್ಪ ಇಳಿಸಿ ಕೊಟ್ಟು, ರಕ್ತ ನೋಡಲಾರದವನು, ಗದ್ದೆ ಕಡೆ ಹೊರಟುಬಿಟ್ಟ. ಅತ್ತೆ ಹುಂಜದ ತೊಡೆ ಹಿಚುಕಿ ನೋಡಿ, "ಇನ್ನೂ ಮೇಯ್ಸಿದ್ರೆ ಮಾಂಸ ಗಟ್ಟಿಯಾಗ್ಬುಡ್ತದೆ ಕಣಮ್ಮ. ಬಾಣಂತಿಗೆ ಈಗ್ಲೇ ಸರಿ. ನೀರ್ ಕಾಯಿಸು" ಅಂದರು.

ಅವರೇ ಕುಯ್ದರು. ಸಾಕಿದ ಅವ್ವ ಆ ಹೊತ್ತು ಒಳಗೆ ಬಂದು ನನ್ನ ಮಗುವಿನ ಕಾಲು ಹಿಡಿದುಕೊಂಡು ಕೂತಿದ್ದಳು. ಅತ್ತೆ ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತರು, ಸುಟ್ಟರು, ಪಿತ್ತ ಒಡೆಯದ ಹಾಗೆ ಈಲಿ, ಅಂದರೆ ಲಿವರು, ಬಿಡಿಸಿ ಬೇರೆ ಇಟ್ಟರು. ಆಮೇಲೆ ಅಡುಗೆಮನೆಯಲ್ಲಿ ಜಗಳ ಶುರುವಾಯಿತು. ಬಾಣಂತಿಗೆ ತೆಂಗಿನಕಾಯಿ ಹಾಕಬಾರದು ಅಂತ ಅವ್ವ, ಒಂದು ಚೂರು ಹಾಕದಿದ್ದರೆ ಹಾಲು ಬರಲ್ಲ ಅಂತ ಅತ್ತೆ. ಕೊನೆ ಬಸ್ಸು ಹೊರಟುಹೋಯಿತು. ಅತ್ತೆಗೆ ಅದು ಗೊತ್ತಿತ್ತು ಅಂತ ಕಾಣುತ್ತೆ, ಕೇಳಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಸಾರು ನನ್ನ ಮುಂದೆ ಬಂತು. ಈಲಿ ಮೇಲೆ, ಎರಡೂ ತೊಡೆ ಕೆಳಗೆ. ಇಬ್ಬರೂ ಬಾಗಿಲಲ್ಲಿ ನಿಂತರು. ನಾನು ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ನೆತ್ತಿಗೇರಿತು. ಅವ್ವ ಹಾಕಿದ್ದು ಅತ್ತೆಗೆ ಗೊತ್ತಿಲ್ಲ, ಅತ್ತೆ ಹಾಕಿದ್ದು ಅವ್ವನಿಗೆ ಗೊತ್ತಿಲ್ಲ. ಬಾಣಂತಿಯ ಪಾಲು ಒಂದು ಹನಿಯೂ ಕಮ್ಮಿಯಾಗಬಾರದು ಅಂತ ಇಬ್ಬರೂ ನಾಲಿಗೆಗೆ ಹಚ್ಚಿ ರುಚಿ ನೋಡಿರಲಿಲ್ಲ.

"ಎಂಗೈತವ್ವ?" ಅಂದಳು ಅವ್ವ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು.

ನನಗೆ ಅಳು ಬಂತು. ಇಬ್ಬರೂ ಒಟ್ಟಿಗೆ "ಬಾಣಂತಿ ಅಳ್ಬಾರ್ದು" ಅಂತ ಗದರಿಸಿದರು.

"ಚೆಂದಾಗೈತೆ" ಅಂದೆ. ಅವ್ವ ಇನ್ನೊಂದು ಸೌಟು ಹಾಕಿದಳು. ನಾನು ಅದನ್ನೂ ಉಂಡೆ.