ತಂಗಿಯ ಬೀದಿಗಾಗಿ ಬಿಟ್ಟ ಅವರೆಕಾಳು

ನೆನೆಸಿದ ಅವರೆಕಾಳು ಹಿದುಕುತ್ತಾ ಕುಳಿತಿದ್ದೆ. ಬೇಳೆ ಬೆರಳ ಸಂದಿಯಿಂದ ಪುಳಕ್ಕನೆ ಹಾರಿ ಒಂದು ಬಟ್ಟಲಿಗೆ ಬಿದ್ದರೆ ಇನ್ನೊಂದು ಅತ್ತೆಯ ಮಡಿಲಿಗೆ. ಅಷ್ಟರಲ್ಲಿ ಶಿಕಾಗೋದಿಂದ ತಂಗಿಯ ವಿಡಿಯೋ ಕಾಲ್ ಬಂತು. ಅಗರದ ನಮ್ಮ ಮನೆಗೆ ಬೆಳಗಾದರೆ ಅವಳಿಗೆ ಸಂಜೆ. ಆಸ್ಪತ್ರೆಯ ನರ್ಸ್ ಕೆಲಸ ಮುಗಿಸಿ ಆಗತಾನೇ ಮನೆ ಸೇರಿದ್ದಳು.

ಎರಡು ವರ್ಷದ ಹಿಂದೆ ಅವಳ ಬೀದಿ ತುದಿಯ ಅಂಗಡಿ ಮುಂದೆ ಯಾರೋ ಗುಂಡು ಹಾರಿಸಿದ್ದರು. ರೈಲಿಳಿದು ಆ ದಾರಿಯಲ್ಲೇ ಅವಳು ಒಬ್ಬಳೇ ನಡೆದು ಬರಬೇಕು. ಸುದ್ದಿ ಕೇಳಿದ ದಿನವೇ ಬೆಟ್ಟದ ಹುಲಿವಾಹನ ಮಾದಪ್ಪನಿಗೆ ಹರಕೆ ಕಟ್ಟಿಕೊಂಡೆ: ತಂಗಿ ಹೆದರದೆ ಮನೆಗೆ ನಡೆದು ಬರುವವರೆಗೆ ನಾನು ಅವರೆಕಾಳು ಬಾಯಿಗಿಡುವುದಿಲ್ಲ. ಅವರೆ ಎಂದರೆ ನನಗೆ ಪ್ರಾಣ. ಅದಕ್ಕೇ ಅದನ್ನೇ ಬಿಟ್ಟೆ.

"ಅಮೆರಿಕ್ದವರ್ಗೂ ಓಯ್ತಾನಾ ನಿನ್ ಮಾದಪ್ಪ?" ಎಂದು ಯಜಮಾನರು ರೇಗಿಸಿದ್ದರು.

"ಉಲಿ ಮೇಲೆ ಓಗೋನ್ಗೆ ವೀಸಾ ಯಾಕ್ರೀ?" ಎಂದಿದ್ದೆ.

ಆಮೇಲೆ ಅವರೆಯ ಕಾಲ ಬಂತು, ಹೋಯಿತು, ಮತ್ತೆ ಬಂತು. ಹಿದುಕುವವಳು ನಾನು, ಉಣ್ಣುವವರು ಮನೆಯವರು.

"ಅಕ್ಕ, ಇಲ್ಲಿ ಶೂಟಿಂಗ್ ಬೋ ಕಮ್ಮಿ ಆಗ್ಬುಟ್ಟದೆ ಕನಕ್ಕ" ಎಂದಳು ತಂಗಿ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿಗೆ ಮುಖವಿಟ್ಟರು. "ಅಯ್ಯೋ ಪಾಪ! ಯಾಕವ್ವ, ಈರೋಗೆ ಉಸಾರಿಲ್ವಾ?"

ಅತ್ತೆಗೆ ಶೂಟಿಂಗ್ ಎಂದರೆ ಬೆಟ್ಟದ ದಾರಿಯಲ್ಲಿ ಕ್ಯಾಮೆರಾ ಇಟ್ಟು ಹೀರೋನ ಕುಣಿಸುವುದು, ಅಷ್ಟೇ. ತಂಗಿ ನಕ್ಕ ರಭಸಕ್ಕೆ ಅವಳ ಫೋನೇ ಉರುಳಿ ಮನೆಯ ಚಾವಣಿ ಕಾಣಿಸಿತು.

"ಸಿನಿಮಾ ಅಲ್ಲ ಕನತ್ತೆ, ಬಂದೂಕ! ಊರಲ್ಲೆಲ್ಲ ಕಮ್ಮಿ ಆಗ್ಬುಟ್ಟದೆ ಅಂತ ಪೇಪರ್ನಲ್ಲೂ ಬರ್ತದೆ. ಪೂರ್ತಿ ನಿಂತಿಲ್ಲ."

ಆ ಕೊನೆಯ ಮಾತಿಗೆ ನನ್ನ ಕೈ ನಿಂತಿತು. "ನಿಂಗೆ ಎದ್ರಿಕೆ ಆಯ್ತದಾ ಇಲ್ವಾ? ಅದೇಳು ಮೊದ್ಲು."

"ನಮ್ಮ ಹೂಗ್ಯದ ಆಟ ಕಟ್ಟಿವ್ನಿ ಕನಕ್ಕ!"

ಹೂಗ್ಯಂ ನಮ್ಮ ತವರು, ಕಾಡಂಚಿನ ಊರು. ಆನೆ ಇಳಿದಿದೆ ಎಂದರೆ ಅಲ್ಲಿ ಯಾರೂ ಒಂಟಿಯಾಗಿ ಹೊರಡುವುದಿಲ್ಲ. ಐದಾರು ಜನ ಕೂಡುವವರೆಗೆ ಕಾದು, ತಟ್ಟೆ ಬಡಿದು ಕೂಗುತ್ತಾ ನಡೆಯುತ್ತೇವೆ. ತಂಗಿ ರೈಲು ನಿಲ್ದಾಣದಲ್ಲೂ ಹಾಗೇ ಒಟ್ಟಿಗೆ ಮನೆಗೆ ನಡೆಯಲು ಬೀದಿಯವರನ್ನೆಲ್ಲ ಕೂಡಿಸಿದ್ದಳು.

"ಇವತ್ತು ಪಕ್ಕದ್ಮನೆ ಅಜ್ಜಿಗೆ 'ಓಹೋಯ್' ಅಂತ ಆನೆ ಓಡ್ಸೋ ಕೂಗು ಕಲಿಸ್ದೆ. ಅವ್ಳ ಗಂಟ್ಲಿಗೆ ನಾಯಿಗೋಳೆಲ್ಲ ಬೊಗಳ್ದೊ! ನಕ್ಕೂ ನಕ್ಕೂ ಮನೆ ಬಂದದ್ದೇ ಗೊತ್ತಾಗ್ನಿಲ್ಲ."

"ಎದ್ರಿಕೆ?"

"ಮರ್ತೇ ಓಗಿತ್ತು ಕನಕ್ಕ. ನೀ ಕೇಳ್ದಾಗ್ಲೇ ಗ್ಯಾಪ್ನ ಆದದ್ದು."

ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ತೀರ್ತು ನಿನ್ ಅರಕೆ. ಇವತ್ತು ನಿಂಗೇ ಮೊದ್ಲು ಬಡಿಸೋದು."

ನಾನು ಎದ್ದ ಗಡಿಬಿಡಿಗೆ ಬಟ್ಟಲು ಮಗುಚಿ ಬೇಳೆ ಹಜಾರದ ತುಂಬ ಓಡಿತು. ಅತ್ತೆ "ಇಡ್ಕೊ, ಇಡ್ಕೊ" ಎಂದು ಅವನ್ನು ಕೋಳಿಮರಿಯಂತೆ ಅಟ್ಟಿಸಿಕೊಂಡು ಹೋದರು. ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ ತಂಗಿಯ ನಗುವಿಗೊಂದು ಸಲ, ಆ ಅಜ್ಜಿಯ ಗಂಟಲಿಗೊಂದು ಸಲ ಅಡ್ಡಬಿದ್ದೆ. ಆಮೇಲೆ ಬೇಳೆ ತೊಳೆದು ಒಲೆಗಿಟ್ಟು, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಲು ಕುಳಿತೆ.