ಎದುರುಮನೆ ಅಜ್ಜಿ ಆರಿಸಿದ ಊರು

ಕಳೆದ ಭಾನುವಾರ ಗೆಳತಿಯೊಬ್ಬಳು ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದು ನಮ್ಮ ನಡುಮನೆಯಲ್ಲಿ ಇಳಿಸಿ ಹೋದಳು. ಮಲೇಷ್ಯಾದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಚಳಿಬಟ್ಟೆಯನ್ನು ಯಾರೂ ತಮ್ಮದೇ ಎಂದು ಇಟ್ಟುಕೊಳ್ಳುವುದಿಲ್ಲ. ಯಾರು ಚಳಿಯ ದೇಶಕ್ಕೆ ಹೊರಟರೋ ಅವರ ಮನೆಗೆ ಪೆಟ್ಟಿಗೆ ಹೋಗುತ್ತದೆ. ಹೋಗಿಬಂದವರು ಒಗೆದು, ನುಸಿಗುಳಿಗೆ ಹಾಕಿ, ಮುಂದಿನವರಿಗೆ ದಾಟಿಸುತ್ತಾರೆ. ಈ ಡಿಸೆಂಬರಿನಲ್ಲಿ ನಮ್ಮ ಸರದಿ, ಆಲ್ಪ್ಸ್ ಪರ್ವತಕ್ಕೆ. ಮುಚ್ಚಳ ತೆಗೆದದ್ದೇ ತಡ, ಉಣ್ಣೆ ಮತ್ತು ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಮಗಳು ಮೂಗು ಮುಚ್ಚಿಕೊಂಡು "ಅಮ್ಮಾ, ಸೋ ಸ್ಮೆಲ್ಲಿ ಲಾ" ಎಂದು ಇಲ್ಲಿಯ ಇಂಗ್ಲಿಷಿನಲ್ಲೇ ಹೇಳಿ ಒಳಗೆ ಓಡಿದಳು. ನಾನು ನೆಲದ ಮೇಲೆ ಕುಳಿತೇಬಿಟ್ಟೆ. ನನ್ನ ಪಾಲಿಗೆ ಅದು ಎದುರುಮನೆ ಅಜ್ಜಿಯ ವಾಸನೆ...

ಪುತ್ರಜಯಾದ ಈ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ನಮ್ಮ ಎದುರು ಬಾಗಿಲಿನ ಮನೆ ಅವರ ಮಗಳದು. ಮಗಳು, ಅಳಿಯ ಇಬ್ಬರೂ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದವರು, ಇಬ್ಬರು ಹೆಣ್ಣುಮಕ್ಕಳು. ಅಜ್ಜಿ ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಉಳಿದಿದ್ದರು. ನನಗೂ ಅವರು ಅಜ್ಜಿಯೇ, ಏಕೆಂದರೆ ಮಹಡಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ, ಧಾಬಳಿ ಉಟ್ಟು, ಒಲೆಯ ಮುಂದೆ ನಿಲ್ಲುತ್ತಿದ್ದರು. ಧಾಬಳಿ ಎಂದರೆ ಉಣ್ಣೆಯ ಮಡಿಬಟ್ಟೆ. ಹತ್ತಿಯ ಸೀರೆಯಾದರೆ ದಿನಾ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ಉಣ್ಣೆಗೆ ಆ ಕಾಟವಿಲ್ಲ, ಅದಕ್ಕೆ ಮೈಲಿಗೆ ತಟ್ಟುವುದಿಲ್ಲ ಎಂದು ಅವರ ಶಾಸ್ತ್ರ. ವರ್ಷವಿಡೀ ಬೆವರಿಳಿಯುವ ಈ ದೇಶದಲ್ಲಿ ಉಣ್ಣೆ ಉಟ್ಟು ಸಾರು ಕುದಿಸುತ್ತಿದ್ದ ಹೆಂಗಸು ಇನ್ನೊಬ್ಬರಿದ್ದರೆ ನಾನಂತೂ ಕಾಣೆ.

ನನಗೆ ಮಡಿಮೈಲಿಗೆಯಲ್ಲಿ ಚೂರೂ ನಂಬಿಕೆಯಿಲ್ಲ. ಅವರೆದುರೇ ಹಾಗೆ ಹೇಳಿದ್ದೂ ಉಂಟು. "ನಿಂಗೆ ನಂಬಿಕೆ ಇಲ್ದಿದ್ರೆ ಬೇಡ ಬಿಡು, ನನ್ನ ಪಾತ್ರೆ ಮುಟ್ಟದೇ ಇದ್ರೆ ಸರಿ" ಎಂದು ನಕ್ಕಿದ್ದರು. ಜಗಳಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಆದರೆ ಆ ಮಡಿ ಅವರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೆಯವರಿಗೆ. ಶಾಲೆಗೆ ರಜೆ ಬಂತೆಂದರೆ ಮಗಳ ಸಂಸಾರ ಬಾಲಿಯೋ ಜಪಾನೋ ಎಂದು ಹೊರಡುವುದು. ಅಜ್ಜಿ ಮನೆಯಲ್ಲಿ ಉಳಿಯುವುದು. "ಅಮ್ಮಂಗೆ ಆಗಲ್ಲ, ಹೊರಗಡೆ ಊಟ ಅಲ್ವಾ" ಎನ್ನುತ್ತಿದ್ದಳು ಮಗಳು. ವಾರದ ಕೊನೆಗೆ ಮಾಮಾಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ರೋಟಿ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ತರಲು ಹೊರಟರೂ ಅಷ್ಟೇ, ಅಮ್ಮಂಗೆ ಆಗಲ್ಲ. ಮೊಮ್ಮಕ್ಕಳ ಬಾಯಲ್ಲಿ ಅದು "ಅಜ್ಜಿ ಕೆನಾಟ್ ಲಾ" ಎಂದಾಗಿತ್ತು. ನಾನು ಬೀಗದ ಕೈ ಇಸಿದುಕೊಂಡು "ನಾನಿದೀನಲ್ಲ, ನೀವು ಹೋಗಿಬನ್ನಿ" ಎಂದು ದೊಡ್ಡ ಮನಸ್ಸಿನವಳ ಹಾಗೆ ಹೇಳುತ್ತಿದ್ದೆ. ಅಜ್ಜಿಯನ್ನು ಯಾರೂ ಕೇಳುತ್ತಿರಲಿಲ್ಲ. ಅವರೂ ಹೇಳುತ್ತಿರಲಿಲ್ಲ. ಮಗಳ ಮನೆಯಲ್ಲಿರುವ ತಾಯಿ ಅಳಿಯನೆದುರು ಬಾಯಿಬಿಟ್ಟು ಏನನ್ನೂ ಕೇಳಬಾರದು ಎಂಬುದು ಅವರು ಬೆಳೆದ ಮನೆಯ ರೀತಿ. ಅಳಿಯನ ಜೊತೆ ಅವರು ನೇರವಾಗಿ ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. "ಅಳಿಯಂದಿರಿಗೆ ಇನ್ನೊಂಚೂರು ಪಲ್ಯ ಬೇಕೋ ಕೇಳೇ" ಎಂದು ಮಗಳ ಮೂಲಕವೇ ಎಲ್ಲ.

ಪುತ್ರಜಯಾ ನೋಡಿದವರಿಗೆ ಗೊತ್ತು: ರಸ್ತೆಗಳು ಅಗಲ, ಕಟ್ಟಡಗಳು ಭವ್ಯ, ಕಾಲಿಗೆ ಮಾತ್ರ ಕೆಲಸವಿಲ್ಲ. ಕಾರಿಲ್ಲದೆ ಒಂದು ಕೊತ್ತಂಬರಿ ಕಟ್ಟೂ ತರಲಾಗದು. ಅಜ್ಜಿ ಬಂದ ಮೊದಲ ವರ್ಷ ಒಂದು ಬೆಳಿಗ್ಗೆ ಚೀಲ ಹಿಡಿದು ಒಬ್ಬರೇ ಹೊರಟಿದ್ದರು, ಹಾಲು ತರಲು. ಮೈಸೂರಿನಲ್ಲಿ ಐವತ್ತು ವರ್ಷ ಮಾಡಿದ ಕೆಲಸವದು. ದೊಡ್ಡ ರಸ್ತೆಯ ಅಂಚಿನಲ್ಲಿ, ದಾಟಲು ಗೊತ್ತಾಗದೆ ನಿಂತಿದ್ದವರನ್ನು ನೋಡಿ ನಮ್ಮ ಕಟ್ಟಡದ ನೇಪಾಳಿ ಕಾವಲುಗಾರ ನನಗೆ ಫೋನ್ ಮಾಡಿದ. ವಾಪಸ್ ಕರೆದುಕೊಂಡು ಬಾ ಎಂದೆ. ಕರೆತಂದ. ಸಂಜೆ ಮಗಳು ಹೌಹಾರಿ, ಕಟ್ಟಡದ ಬಾಗಿಲು ತೆಗೆಯುವ ಕಾರ್ಡನ್ನು ಅವರ ಕೈಯಿಂದ ತೆಗೆದಿಟ್ಟಳು. ಆಮೇಲೆ ಹಾಲು ಕಾರಿನಲ್ಲೇ ಬಂತು, ಆರು ವರ್ಷ.

ಆರನೆಯ ವರ್ಷ ಅಳಿಯನ ತಲೆಗೆ ಸ್ಕೀಯಿಂಗ್ ಹೊಕ್ಕಿತು. ಹಿಮದ ಮೇಲೆ ಜಾರುವುದನ್ನು ಮಕ್ಕಳು ಚಿಕ್ಕಂದಿನಲ್ಲೇ ಕಲಿಯಬೇಕಂತೆ. ಆಲ್ಪ್ಸ್‌ನಲ್ಲಿ ಯಾವ ರೆಸಾರ್ಟ್ ಎಂದು ಮನೆಯಲ್ಲಿ ವಾರಗಟ್ಟಲೆ ಚರ್ಚೆ. ಒಂದರಲ್ಲಿ ಇಳಿಜಾರು ಜಾಸ್ತಿ, ಇನ್ನೊಂದರಲ್ಲಿ ಮಕ್ಕಳ ಕ್ಲಾಸು ಚೆನ್ನ, ಮತ್ತೊಂದರಲ್ಲಿ ಹಿಮ ಗ್ಯಾರಂಟಿ. ನಾನು ಶುಕ್ರವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಂಥದೊಂದು ಶುಕ್ರವಾರ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಕ್ಯಾಲೆಂಡರಿನ ಹಾಳೆ. ಹಿಂಬದಿಯಲ್ಲಿ ಮೂರು ಊರಿನ ಹೆಸರು, ಮೊಮ್ಮಕ್ಕಳ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದುಕೊಂಡದ್ದು.

"ಈ ಮೂರೂ ಹೇಗಿದೆ ಅಂತ ನಿನ್ನ ಕಂಪ್ಯೂಟರಲ್ಲಿ ಓದಿ ಹೇಳಮ್ಮ," ಎಂದರು.

ಹೆಸರುಗಳು ಎಷ್ಟು ಕೆಟ್ಟಿದ್ದವೆಂದರೆ ಹುಡುಕಲು ಅರ್ಧ ಗಂಟೆ ಬೇಕಾಯಿತು. ನಾನು ಇಳಿಜಾರುಗಳ ವರ್ಣನೆ ಓದತೊಡಗಿದೆ. ಅವರು ಕೈಯಾಡಿಸಿ ನಿಲ್ಲಿಸಿದರು. ಅವರ ಪ್ರಶ್ನೆಗಳೇ ಬೇರೆ. ಇಳಿದುಕೊಳ್ಳುವ ಮನೆಯಲ್ಲಿ ಒಲೆ ಇದೆಯೇ? ಅಂಗಡಿ ಎಷ್ಟು ದೂರ? ನಡೆದು ಹೋಗಬಹುದೇ? ಮೊದಲೆರಡು ಊರು ಹಾಗೂ ಹೀಗೂ ಇದ್ದವು. ಮೂರನೆಯದು ಸಣ್ಣ ಊರು. ಬೆಟ್ಟ ಹತ್ತುವ ಪುಟ್ಟ ರೈಲಿನಲ್ಲಿ ಹೋಗಬೇಕು, ಊರೊಳಗೆ ಕಾರುಗಳೇ ಇಲ್ಲ, ಬಿಡುವುದಿಲ್ಲ ಎಂದು ಬರೆದಿತ್ತು. ಅಜ್ಜಿ ಕನ್ನಡಕ ತೆಗೆದು ಒರೆಸಿದರು. ಇನ್ನೊಂದು ಸಲ ಓದು ಎಂದರು. ಓದಿದೆ.

"ಒಂದೂ ಇಲ್ವಾ?"

"ಒಂದೂ ಇಲ್ಲ ಅಜ್ಜಿ. ಎಲ್ಲರೂ ನಡೆದೇ ಓಡಾಡೋದಂತೆ."

ಅವರು ಹಾಳೆಯಲ್ಲಿ ಆ ಹೆಸರಿಗೆ ಗುಂಡಾಗಿ ಸುತ್ತು ಹಾಕಿದರು. ಆಗ ನಾನು ಆಡಬಾರದ ಮಾತೊಂದನ್ನು ಆಡಿದೆ. "ಅಜ್ಜಿ, ನಿಮಗೆ ಆ ಚಳಿ ಎಲ್ಲ ಆಗಲ್ಲ. ಇಲ್ಲೇ ಇರಿ, ನಿಮಗೆ ಅಂತಲೇ ಬೇರೆ ಸ್ಟವ್ ತಂದಿಡ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀನೂ ಅದನ್ನೇ ಕಲಿತ್ಯಾ," ಎಂದಷ್ಟೇ ಹೇಳಿ ಎದ್ದುಹೋದರು. ನಾಚಿಕೆಯಾಯಿತು ನನಗೆ, ಒಂದು ವಾರ ಅವರ ಮುಖ ನೋಡಲಾರದಷ್ಟು.

ಮರುವಾರದ ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲೇ ನಮ್ಮೆಲ್ಲರ ಊಟ. ಅಳಿಯ ತನ್ನ ತೀರ್ಮಾನ ಹೇಳಿದ: ಮೊದಲನೆಯ ರೆಸಾರ್ಟ್, ಅತಿ ಹೆಚ್ಚು ಇಳಿಜಾರುಗಳದ್ದು, ಹೋಟೆಲಿನಲ್ಲೇ ಮೂರು ಹೊತ್ತು ಊಟ. ಮಗಳು ಎಂದಿನಂತೆ, "ಅಮ್ಮ ಇಲ್ಲೇ ಇರ್ತಾರೆ, ಅವರಿಗೆ ಮಡಿ, ಆಗಲ್ಲ" ಎಂದು ನನ್ನ ಕಡೆ ತಿರುಗಿದಳು, ಬೀಗದ ಕೈಯ ಮಾತಿಗೆ. ನಾನು ತಟ್ಟೆ ನೋಡುತ್ತ ಕುಳಿತೆ.

ಅಜ್ಜಿ ಸಾರಿನ ಸೌಟು ಹಿಡಿದು ಅಡುಗೆಮನೆಯಿಂದ ಬಂದರು, ಧಾಬಳಿಯಲ್ಲೇ. ಸೀದಾ ಅಳಿಯನ ಮುಂದೆ ನಿಂತರು.

"ಆ ಹಿಮದ ಊರಲ್ಲಿ ಜನ ಏನು ಹಾಕ್ಕೊಂಡಿರ್ತಾರೆ?"

ಅತ್ತೆ ತನ್ನನ್ನೇ ಕೇಳುತ್ತಿದ್ದಾರೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಸ್ವೆಟರು, ಟೋಪಿ, ಕೈಗವಸು... ಎಲ್ಲ ಉಣ್ಣೇದು ಅತ್ತೆ."

"ಉಣ್ಣೆಗೆ ಮೈಲಿಗೆ ಇಲ್ಲ. ಅಂದ್ಮೇಲೆ ಊರಿಗೆ ಊರೇ ಮಡಿ. ಇಲ್ಲಿಗಿಂತ ನಂಗೆ ಅಲ್ಲೇ ವಾಸಿ."

ನನ್ನ ಗಂಡ ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿಸಿಕೊಂಡ. ಅಳಿಯನೂ ಬುದ್ಧಿವಂತ. "ಅತ್ತೆ, ಮೇಲೆ ಹಾಕ್ಕೊಳೋ ಜಾಕೆಟ್ ಎಲ್ಲ ಪಾಲಿಯೆಸ್ಟರ್ರು," ಎಂದ.

"ಮೇಲಿಂದು ನಿಮಗೆ. ನಂಗೆ ಒಳಗಡೆ ಉಣ್ಣೆ ಇದ್ರೆ ಸಾಕು."

ಆಮೇಲೆ ಸೊಂಟದಿಂದ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೂರನೆಯ ಊರಿನ ಮೇಲೆ ಬೆರಳಿಟ್ಟು, "ಹೋಗೋದಾದ್ರೆ ಇಲ್ಲಿಗೆ. ಅಡುಗೆ ನಾನು ಮಾಡ್ತೀನಿ," ಎಂದರು. ಅಲ್ಲಿ ಇಳಿಜಾರು ಕಡಿಮೆ ಎಂದ ಅಳಿಯ. ಒಂದು ಸಲಕ್ಕೆ ಎಷ್ಟು ಗುಡ್ಡ ಜಾರುತ್ತೀರಿ ಎಂದು ಕೇಳಿದರು ಅಜ್ಜಿ. ಮಗಳಿಗೆ ಮಾತ್ರ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟೋ ಭಯವೋ. "ಅಮ್ಮ, ಬಿದ್ದು ಮೂಳೆ ಮುರ್ಕೊಂಡ್ರೆ ಏನ್ ಗತಿ?"

"ಬಿದ್ರೆ ಬೀಳ್ತೀನಿ. ಆರು ವರ್ಷ ಬೀಳದೇ ಇದ್ದು ಏನ್ ಕಂಡೆ? ನಾನೇನು ಜಾರಕ್ಕೆ ಬರ್ತಿಲ್ಲ ಕಣೇ. ನಡೆಯಕ್ಕೆ ಬರ್ತಿದೀನಿ."

ಚಿಕ್ಕ ಮೊಮ್ಮಗಳು, ಅನ್ನ ಕಲಸುತ್ತಲೇ, "ಅಜ್ಜಿ ಬೋಲೆ" ಎಂದಳು. ಬೋಲೆ ಎಂದರೆ ಮಲಯ ಭಾಷೆಯಲ್ಲಿ ಆಗುತ್ತೆ ಎಂದು. ಅಜ್ಜಿಗೂ ಆ ಮಾತು ತಿಳಿದಿತ್ತು. ಆ ಮನೆಯಲ್ಲಿ ಅವರ ಬಗ್ಗೆ ಯಾರೂ ಅದನ್ನು ಅಂದಿರಲಿಲ್ಲ ಅಷ್ಟೇ. ಮೊದಲು ಅವಳ ತಟ್ಟೆಗೆ ಸಾರು ಬಡಿಸಿ, ಆಮೇಲೆ ಅಳಿಯನಿಗೆ ಬಡಿಸಿದರು.

ಹೋದರು. ಅವರು ಸುತ್ತು ಹಾಕಿದ ಊರಿಗೇ ಹೋದರು. ಸೂಟ್‌ಕೇಸಿನಲ್ಲಿ ಹುಳಿಪುಡಿ, ಅವಲಕ್ಕಿ, ಒಂದು ಸ್ಟೀಲಿನ ಹಾಲಿನ ಕ್ಯಾನು. ಬಂದ ಮೇಲೆ ಮಗಳು ನೂರಾರು ಫೋಟೋ ತೋರಿಸಿದಳು. ಅಳಿಯ ಬಿದ್ದದ್ದು, ಮಕ್ಕಳು ಬಿದ್ದದ್ದು, ಎಲ್ಲರೂ ಎದ್ದು ಹಲ್ಲು ಕಿರಿದದ್ದು. ಅಜ್ಜಿ ಒಂದೇ ಒಂದರಲ್ಲಿ ಇದ್ದರು, ಅದೂ ಬೆನ್ನು ಮಾತ್ರ. ಬಿಳಿಯ ದಾರಿಯಲ್ಲಿ ದೊಡ್ಡ ಕಪ್ಪು ಕೋಟು, ಅದರ ಕೆಳಗೆ ನಾಲ್ಕು ಬೆರಳು ಇಣುಕುವ ಧಾಬಳಿ, ಕೈಯಲ್ಲಿ ಕ್ಯಾನು.

ಶುಕ್ರವಾರ ಬಂದು ನನ್ನ ಸೋಫಾದಲ್ಲಿ ಕುಳಿತು ಅವರು ಹೇಳಿದ ಪ್ರವಾಸಕಥನ ಇಷ್ಟೇ. ಎಂಟು ದಿನ ಬೆಳಿಗ್ಗೆ ಒಬ್ಬರೇ ಹೋಗಿ ಹಾಲು ತಂದರು. ಡೈರಿಯ ಹೆಂಗಸು ಮೊದಲ ದಿನ ಕ್ಯಾನು ನೋಡಿ ನಕ್ಕಳು. ಮೂರನೆಯ ದಿನದಿಂದ ಕೇಳದೆಯೇ ಕೈಚಾಚಿ ಇಸಿದುಕೊಂಡಳು. ನಾಲ್ಕನೇ ದಿನ ವಾಪಸ್ ಬರುವಾಗ ದಾರಿ ತಪ್ಪಿತು. "ಚರ್ಚಿನ ಹಿಂದೆ ಎಲ್ಲಿಗೋ ಹೊರಟುಹೋದೆ ಕಣೇ. ಯಾರೂ ಹುಡುಕ್ಕೊಂಡು ಬರಲಿಲ್ಲ. ನಾನೇ ಕೇಳ್ಕೊಂಡು ಬಂದೆ." ಯಾವ ಭಾಷೆಯಲ್ಲಿ ಕೇಳಿದಿರಿ ಎಂದೆ. "ಕನ್ನಡದಲ್ಲೇ. ಮನೆ ಎಲ್ಲಿ ಅಂತ ಕೇಳಕ್ಕೆ ಎಷ್ಟು ಭಾಷೆ ಬೇಕು?" ಎಂದರು. ಅವರ ಮುಖ ಅಷ್ಟು ಹಿಗ್ಗಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ...

ಮರುವರ್ಷ ಅವರು ಹೋಗಿಬಿಟ್ಟರು. ಎದುರುಮನೆಯಲ್ಲೇ, ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಮಾತಾಡಿಸಲು ಬಂದವರಲ್ಲಿ ಕೆಲವರು ಸೋಫಾದ ಮೂಲೆಯಲ್ಲಿ ಪಿಸುಗುಟ್ಟಿದರು, ಈ ವಯಸ್ಸಿನಲ್ಲಿ ಆ ಚಳಿಗೆ ಕರೆದುಕೊಂಡು ಹೋಗಬಾರದಿತ್ತು ಎಂದು. ಮಗಳಿಗೂ ಕೇಳಿಸುವ ಹಾಗೆ. ನನಗೆ ಮೈ ಉರಿದುಹೋಯಿತು. ಸಾವಿನ ಮನೆಯಲ್ಲಿ ದನಿ ಎತ್ತಬಾರದು, ಎತ್ತಿದೆ. "ಕರ್ಕೊಂಡು ಹೋಗಬಾರದಿತ್ತು ಅನ್ನಬೇಡಿ. ಅವರೇ ಊರು ಆರಿಸ್ಕೊಂಡು, ಅವರೇ ಹೋದ್ರು. ಇವರೆಲ್ಲ ಅವರ ಜೊತೆ ಹೋದ್ರು ಅಷ್ಟೇ." ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. ಆ ಮಾತಿಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಆ ಜನ ನನ್ನ ಜೊತೆ ಈಗಲೂ ಅಷ್ಟಕ್ಕಷ್ಟೇ, ಇರಲಿ.

ಆಮೇಲೆ ಆ ಸಂಸಾರ ನಿಲಾಯ್ ಕಡೆಗೆ ಮನೆ ಬದಲಾಯಿಸಿತು. ಈಗ ಎದುರಿಗೆ ಬೇರೆ ಯಾರೋ ಇದ್ದಾರೆ. ನಮ್ಮ ಮನೆಯಲ್ಲಿ ಈ ವಾರವೆಲ್ಲ ಅದೇ ಚರ್ಚೆ, ಯಾವ ರೆಸಾರ್ಟ್ ಎಂದು. ಗಂಡ ದೊಡ್ಡದು ಎನ್ನುತ್ತಾನೆ, ಮಗಳು ಅಪ್ಪನ ಕಡೆ. ನಾನು ಕಾರಿಲ್ಲದ ಆ ಊರೇ ಎಂದು ಪಟ್ಟು ಹಿಡಿದಿದ್ದೇನೆ, ಸಡಿಲಿಸುವ ಪ್ರಶ್ನೆಯಿಲ್ಲ. ಆ ಡೈರಿ ನೋಡಬೇಕು, ಚರ್ಚಿನ ಹಿಂದಿನ ದಾರಿ ನೋಡಬೇಕು.

ಆದರೆ ಒಂದು ಮಾತು ಒಳಗೆ ಕುಟುಕುತ್ತಲೇ ಇದೆ. ಆರು ವರ್ಷ, ಹೆಚ್ಚುಕಡಿಮೆ ದಿನಾ, ನಾನು ಕಾರು ತೆಗೆದುಕೊಂಡು ಅಂಗಡಿಗೆ ಹೋಗುತ್ತಿದ್ದೆ. ಲಿಫ್ಟ್ ಇರುವುದು ಅವರ ಬಾಗಿಲ ಪಕ್ಕದಲ್ಲೇ. ಎಷ್ಟೋ ಸಲ ಬಾಗಿಲು ತೆಗೆದೇ ಇರುತ್ತಿತ್ತು. ಗ್ರಿಲ್ಲಿನ ಹಿಂದೆ ಅಜ್ಜಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಏನಾದ್ರೂ ತರಬೇಕಾ ಅಜ್ಜಿ ಎಂದು ತಪ್ಪದೆ ಕೇಳುತ್ತಿದ್ದೆ. ಏನೂ ಬೇಡಮ್ಮ ಎನ್ನುತ್ತಿದ್ದರು. ನೀವೂ ಬರ್ತೀರಾ ಎಂದು ಒಂದು ದಿನವೂ ನಾನು ಕೇಳಲಿಲ್ಲ.